ಹೋಲಿಕೆಯ ಶಾಲೆ

ಚಿನ್ಮಯಿ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ನಾನು ಪ್ರೇಮಾ, ಹಿರಿಯ ಸೊಸೆ, ಈ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳು. ಅವಳು ನನ್ನ ಮೈದುನ ಸುಮಂತನ ಹೆಂಡತಿ, ಧಾರವಾಡದವಳು, ಎಂಎಸ್ಸಿ ಓದಿದವಳು. ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುತ್ತದೆ. ಬಂದ ವರ್ಷದೊಳಗೇ ಅವಳ ತೆಲುಗು ನನ್ನದಕ್ಕಿಂತ ನುಣುಪಾಯಿತು. ಇಲ್ಲಿಯೇ ಹುಟ್ಟಿದ ನನ್ನನ್ನು ತರಕಾರಿಯವಳು ಇವತ್ತಿಗೂ "ಮೀದಿ ಏ ಊರಮ್ಮಾ?" ಎಂದು ಊರು ಕೇಳುತ್ತಾಳೆ, ಅವಳನ್ನು ಮಾತ್ರ ಕೇಳುವುದಿಲ್ಲ.

ಎರಡು ಸಂಸಾರ, ಒಂದೇ ಅಡುಗೆಮನೆ. ಅತ್ತೆ ಪಾರ್ವತೆಮ್ಮ ಇರುವವರೆಗೆ ಒಲೆ ಬೇರೆಯಾಗುವುದಿಲ್ಲ. ಅತ್ತೆಗೆ ಬಾಯಲ್ಲಿ ಒಂದೇ ಮಾತು: "ಆ ಚಿನ್ಮಯಿನ್ನ ನೋಡಿ ಕಲಿ." ಸಾರಿಗೆ ಉಪ್ಪು ಹೆಚ್ಚಾದರೂ ಅದೇ, ಪರದೆ ಒಗೆಯುವುದು ತಡವಾದರೂ ಅದೇ. ನನ್ನ ಯಜಮಾನರು ಚನ್ನಬಸಪ್ಪನವರು ರೈಲ್ವೆ ವರ್ಕ್‌ಶಾಪಿನ ಸದ್ದಿನಲ್ಲಿ ಕೆಲಸ ಮಾಡಿ ಮಾಡಿ ಮನೆಯಲ್ಲಿ ಯಾವ ಮಾತೂ ಕೇಳಿಸಿಕೊಳ್ಳದ ಅಭ್ಯಾಸ ಮಾಡಿಕೊಂಡಿದ್ದಾರೆ.

ನಾವಿಬ್ಬರೂ ಟೀಚರುಗಳು. ನನ್ನ ಶಾಲೆ ರೈಲುಹಳಿಯ ಈಚೆ, ಅವಳದು ಆಚೆ. ಎರಡೂ ಚಿಕ್ಕ ಶಾಲೆಗಳು. ಓದಲು ಬರುವವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ ಮಾತಾಡುವ ಮಕ್ಕಳು. ಮೂರು ಭಾಷೆಯಲ್ಲೂ ಹಲ್ಲುನೋವು ಒಂದೇ.

ನನ್ನ ಮೂರನೇ ತರಗತಿಯ ಸುಗಲಮ್ಮ ವಾರದಲ್ಲಿ ಅರ್ಧಕ್ಕರ್ಧ ದಿನ ಕೆನ್ನೆ ಹಿಡಿದುಕೊಂಡೇ ಕೂರುತ್ತಿದ್ದಳು. ನೋವಿಗೆ ಅವಳ ಅಜ್ಜಿಯ ಮದ್ದು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ. ಅದನ್ನು ವಸಡಿಗೆ ತಿಕ್ಕಿಸಿಕೊಂಡು ಬಂದ ದಿನ ಹುಡುಗಿ ತಲೆ ತಿರುಗಿ ಬೆಂಚಿನ ಮೇಲೆ ಮಲಗಿಬಿಡುತ್ತಿದ್ದಳು. ನಾನು ಅಜ್ಜಿಯನ್ನು ಕರೆಸಿ ಬೈದೆ. ಅಜ್ಜಿ ನಕ್ಕಾಗ ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ.

ಅಂಥ ಹೊತ್ತಿಗೆ ಡಾಕ್ಟರ್ ಶೈಲಾ ಬಂದರು. ಬೀದರಿನವರು, ಹಲ್ಲಿನ ವೈದ್ಯೆ, ಹಿಮಾಯತ್‌ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳೆಲ್ಲ ಶಾಲೆಯಲ್ಲೇ ಒಟ್ಟಿಗೆ ಹಲ್ಲುಜ್ಜಿದರೆ ಹುಳುಕು ಕಡಿಮೆಯಾಗುತ್ತದೆ ಎಂದು ಎಲ್ಲೆಲ್ಲೋ ಅನುಕೂಲವಿದ್ದ ಶಾಲೆಗಳಲ್ಲಿ ಗೊತ್ತಾಗಿದೆಯಂತೆ. ನಮ್ಮಂಥ ಶಾಲೆಗಳಲ್ಲಿ ಅದು ನಡೆಯುತ್ತದೆಯೇ ಎಂದು ನೋಡುವುದು ಅವರ ಕೆಲಸ. ಶಾಲೆಗಳನ್ನು ಜೋಡಿ ಜೋಡಿಯಾಗಿ ಆರಿಸಿದ್ದರು. ಜೋಡಿಯಲ್ಲಿ ಒಂದಕ್ಕೆ ಬ್ರಷ್ಷು, ಪೇಸ್ಟು, ಗಾಜಿನ ಕಪಾಟು, ಕಲಿಸಲು ಒಬ್ಬ ಸಹಾಯಕಿ. ಇನ್ನೊಂದಕ್ಕೆ ಏನೂ ಇಲ್ಲ. ಯಾವುದಕ್ಕೆ ಯಾವುದು ಎಂದು ಚೀಟಿ ಎತ್ತಿದರು. ನಮ್ಮ ಜೋಡಿಯಲ್ಲಿ ಬ್ರಷ್ಷು ಹಳಿಯ ಆಚೆ ಹೋಯಿತು. ಬೇರೆಲ್ಲಿಗೆ ಹೋಗುತ್ತದೆ?

"ನಾವೇನ್ ಮಾಡಬೇಕ್ರಿ ಹಂಗಾರ?" ಎಂದು ಕೇಳಿದೆ.

"ಏನೂ ಮಾಡಬ್ಯಾಡ್ರಿ ಮೇಡಂ," ಎಂದರು ಶೈಲಾ, ಬಹಳ ಮರ್ಯಾದೆಯಿಂದ. "ಮೊದಲ ಹ್ಯಾಂಗಿದ್ರಿ ಹಾಂಗ ಇರ್ರಿ. ನೀವು ಹೋಲಿಕೆ ಶಾಲೆ. ವರ್ಷ ಆದ ಮ್ಯಾಲೆ ಎರಡೂ ಕಡಿ ಮಕ್ಕಳ ಹಲ್ಲು ನೋಡ್ತೀವಿ. ಆ ಕಡಿ ಛಲೋ ಆಗಿದ್ರ, ಬರೋ ವರ್ಷ ನಿಮ್ಮಂಥಾ ಎಲ್ಲಾ ಸಾಲಿಗೂ ಬ್ರಷ್ ಬರ್ತಾವ. ಫರಕೇ ಇಲ್ಲಂದ್ರ ಎಲ್ಲಾ ಬಂದ್."

ಹೋಲಿಕೆ ಶಾಲೆ. ಮನೆಯಲ್ಲಿ ನನಗಿರುವ ಕೆಲಸವೇ ಅದು. ಚಿನ್ಮಯಿ ಎಷ್ಟು ಚೆನ್ನಾಗಿದ್ದಾಳೆ ಎಂದು ತಿಳಿಯಲು ಪಕ್ಕದಲ್ಲಿ ಒಬ್ಬಳು ನಿಲ್ಲಬೇಕಲ್ಲ, ಅವಳು ನಾನು. ಈಗ ನನ್ನ ಶಾಲೆಯ ಹಣೆಯಲ್ಲೂ ಅದನ್ನೇ ಬರೆದು ಹೋದರು. ಸುಗಲಮ್ಮ ಇನ್ನೊಂದು ವರ್ಷ ಕೆನ್ನೆ ಹಿಡಿದುಕೊಂಡು ಕೂರಬೇಕು, ಅದನ್ನು ಇವರು ಬಂದು ಅಳೆಯಬೇಕು. ನನಗೆ ಸಿಟ್ಟು ಬಂತು. ಬೇಜಾರಾಯಿತು ಎನ್ನಲಾರೆ, ಸಿಟ್ಟೇ ಬಂತು.

ಅಂದಿನಿಂದ ಊಟಕ್ಕೆ ಕೂತರೆ ಹಲ್ಲಿನ ಪುರಾಣ. ಚಿನ್ಮಯಿ ಮಾತು ಶುರು ಮಾಡುತ್ತಿದ್ದಳು, ಅತ್ತೆ ಹಿಗ್ಗುತ್ತಿದ್ದರು. "ಇವತ್ತ ನಮ್ಮ ಸಾಲ್ಯಾಗ ಎಲ್ಲಾ ಹುಡುಗ್ರೂ ಸಾಲಾಗಿ ನಿಂತು ಹಲ್ಲ ತಿಕ್ಕಿದ್ವು ನೋಡ್ರಿ ಅತ್ತಿ, ನೋಡೂದಕ ಭಾಳ ಛಂದ."

ಇದರಲ್ಲಿ ಎಲ್ಲಾದರೂ ಒಂದು ತೂತು ಇರಲೇಬೇಕು ಎಂದು ನಾನು ಹುಡುಕತೊಡಗಿದೆ.

"ಮಧ್ಯಾಹ್ನ ನಿಮ್ಮ ಕಡಿ ನಳದಾಗ ನೀರೇ ಬರಂಗಿಲ್ಲಲ್ಲ. ಬಾಯಿ ಹ್ಯಾಂಗ ತೊಳಿತಾವ?" ಎಂದೆ ಒಂದು ದಿನ.

ಅವಳ ಕೈಯಲ್ಲಿನ ತುತ್ತು ಒಂದು ಕ್ಷಣ ನಿಂತಿತು. ಆಮೇಲೆ ಅವಳು ಹೇಳಿದಳು: "ಹುಡುಗ್ರ ಒಂದೊಂದು ಸಾಲಿಗೂ ಒಂದು ಮಗ್ಗು ಅಕ್ಕಾರ. ಮುಂಜಾನೆನ ಬಕೆಟ್ ತುಂಬಿಸಿ ಇಟ್ಟಿರ್ತೀವಿ. ಸಾಲಿನ್ಯಾಗ ಒಂದು ಹುಡುಗಿ ನೀರು ಹಾಕ್ತಾಳ, ಉಳದವ್ರು ಬೊಗಸಿ ಒಡ್ತಾರ. ನಾಳೆ ಇನ್ನೊಬ್ಬಾಕಿ ಪಾಳಿ."

ಎಷ್ಟು ಸರಳ! ಇದು ನನಗೇಕೆ ಹೊಳೆಯಲಿಲ್ಲ? ಮರುದಿನ ಶಾಲೆಯಲ್ಲಿ ಒಂದು ಬಕೆಟ್ ತುಂಬಿಸಿಟ್ಟು ಸುಮ್ಮನೆ ನೋಡಿದೆ. ಬ್ರಷ್ಷಿಲ್ಲದಿದ್ದರೂ ಊಟವಾದ ಮೇಲೆ ಮಕ್ಕಳು ಬಾಯಿ ಮುಕ್ಕಳಿಸಿದರು. ಬರೀ ಒಂದು ಮಗ್ಗಿನಿಂದ ಇಡೀ ತರಗತಿಗೆ ಆಯಿತು. ಏನೂ ಮಾಡಬೇಡಿ ಎಂದು ಶೈಲಾ ಹೇಳಿದ್ದು ನೆನಪಿತ್ತು. ಆದರೆ ಚಿನ್ಮಯಿಯ ಶಾಲೆಯ ಮಕ್ಕಳು ಮುಕ್ಕಳಿಸುತ್ತಾರೆ, ನನ್ನವು ಬಾಯಿ ಮುಚ್ಚಿಕೊಂಡು ಕೂರಬೇಕೆ?

ಬ್ರಷ್ಷಿಗೆ ಯಜಮಾನರ ಬೆನ್ನು ಹತ್ತಿದೆ. ಅವರು ವರ್ಕ್‌ಶಾಪಿನ ಗೆಳೆಯರಿಗೆಲ್ಲ ಹೇಳಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಬ್ರಷ್ಷು, ಪೇಸ್ಟು ತಂದುಕೊಟ್ಟರು. "ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ," ಎಂದೆ. "ಹಲ್ಲ ತಿಕ್ಕೂದರಾಗ ಹೇಳೂದೇನೈತಿ?" ಎಂದು ಅವರು ಪೇಪರು ಬಿಡಿಸಿದರು.

ಮತ್ತೊಂದು ದಿನ ಊಟದಲ್ಲಿ ಕೇಳಿದೆ: "ಅಷ್ಟು ಬ್ರಷ್ ಎಲ್ಲಿ ಇಡ್ತೀರಿ? ಜಿರಳಿ ಹರದಾಡಂಗಿಲ್ಲೇನು?"

ಮತ್ತೆ ಅದೇ ಸಣ್ಣ ತಡೆ. ಸಾರು ಬಡಿಸಿಕೊಳ್ಳುತ್ತ ಹೇಳಿದಳು: "ನೀರಿನ ಬಾಟ್ಲಿ ಅರ್ಧಕ್ಕ ಕತ್ತರಿಸಿ ಕಿಟಕಿ ಸರಳಿಗೆ ಕಟ್ಟೀವಿ. ಬ್ರಷ್ ತಲಿ ಮ್ಯಾಲೆ ಮಾಡಿ ಇಡ್ತಾವ. ಬಿಸಲಿಗೆ ಒಣಗ್ತಾವ, ಜಿರಳಿ ಬರಂಗಿಲ್ಲ."

"ಹೆಡ್ಮಾಸ್ತರು ಅಷ್ಟೊತ್ತು ಬಿಡ್ತಾರ? ಪಾಠ ಹಾಳಾಕ್ಕೈತಿ ಅನ್ನಂಗಿಲ್ಲ?" ಇದು ಇನ್ನೊಂದು ದಿನದ ಪ್ರಶ್ನೆ. ಅವಳ ಬಾಯಿ ಮುಚ್ಚಿಸಿದೆ ಎಂದುಕೊಂಡೆ.

"ನೀರು ಹಾಕೋ ಹುಡುಗಿ ಗಟ್ಟಿಯಾಗಿ ಮಗ್ಗಿ ಹೇಳ್ತಾಳ, ಎರಡರದು, ಮೂರರದು. ಮಗ್ಗಿ ಮುಗಿಯೂ ತನ ತಿಕ್ಕಬೇಕು. ಗಣಿತಾನೂ ಆತು," ಎಂದಳು ಚಿನ್ಮಯಿ.

"ನೋಡು, ಎಷ್ಟು ಶಾಣೇತನ!" ಎಂದರು ಅತ್ತೆ, ನನ್ನ ಕಡೆಗೇ ತಿರುಗಿ.

ನಾನು ಮೂಗು ಮುರಿದೆ. ಮರುದಿನ ಬಾಟಲಿ ಕತ್ತರಿಸಿ ಕಿಟಕಿಗೆ ಕಟ್ಟಿದೆ. ಮಗ್ಗಿಯನ್ನೂ ಹಚ್ಚಿದೆ. ನಮ್ಮ ಹೆಡ್ಮಾಸ್ತರು ಗೋಪಿನಾಥ ಸರ್ ಊಟದ ಹೊತ್ತಿಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಪೇಪರು ಓದುವವರು. ಮಗ್ಗಿ ಕೇಳಿಸಿದ್ದರಿಂದ ಲೆಕ್ಕದ ಪಾಠ ನಡೆಯುತ್ತಿದೆ ಎಂದುಕೊಂಡು ಹೊರಗೆ ಬರಲೇ ಇಲ್ಲ. ಮಕ್ಕಳಿಗೆ ಇದು ಆಟವಾಯಿತು. ಯಾರ ಪಾಳಿ ಎಂದು ಜಗಳವಾಡತೊಡಗಿದರು. ಸುಗಲಮ್ಮ ತನ್ನ ಪಾಳಿಯ ದಿನ ಮೂರರ ಮಗ್ಗಿ ಮುಗಿದರೂ ಬಿಡದೆ ನಾಲ್ಕರದನ್ನೂ ಎಳೆಯುತ್ತಿದ್ದಳು, ಬಾಯಿ ತುಂಬ ನೊರೆ ಇಟ್ಟುಕೊಂಡ ಹುಡುಗರು ಕಣ್ಣಲ್ಲೇ ಅವಳನ್ನು ಬೈಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅವಳು ಕೆನ್ನೆ ಹಿಡಿಯುವುದು ಬಿಟ್ಟಿದ್ದಳು. ಹುಳುಕು ಹಲ್ಲು ತಾನೇ ಬಿದ್ದಿತ್ತು, ಹೊಸದು ಬರುತ್ತಿತ್ತು.

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ನಾನು ಏನೇ ಮಾಡಿದರೂ ಹಳಿಯ ಆಚೆ ಅದನ್ನು ಮೊದಲೇ ಮಾಡಿದ್ದಾರೆ. ಅವರಲ್ಲಿ ಗಾಜಿನ ಕಪಾಟೂ ಇದೆ, ಸಹಾಯಕಿಯೂ ಇದ್ದಾಳೆ. ನಾನು ಕದ್ದು ಮಾಡಿದ್ದು, ಅದಕ್ಕೇ ಯಾರ ಮುಂದೆಯೂ ಮೆರೆಯುವ ಹಾಗಿಲ್ಲ. ಊಟದಲ್ಲಿ ಅವಳು ಹೇಳುತ್ತಿದ್ದಳು, ನಾನು ಕೇಳಿಸಿಕೊಂಡು ಉರಿಯುತ್ತಿದ್ದೆ. ಒಂದು ವರ್ಷ ಹೀಗೇ ಹೋಯಿತು.

ಪರೀಕ್ಷೆಯ ದಿನ ಶೈಲಾ ಗುಲಾಬಿ ಬಣ್ಣದ ಮಾತ್ರೆಗಳನ್ನು ತಂದರು. ಅದನ್ನು ಅಗಿದು ಬಾಯಿ ಮುಕ್ಕಳಿಸಿದರೆ ಸ್ವಚ್ಛವಾಗಿರುವ ಹಲ್ಲು ಬೆಳ್ಳಗೇ ಉಳಿಯುತ್ತದೆ. ಕೊಳೆ ಇದ್ದ ಕಡೆಯೆಲ್ಲ ಗುಲಾಬಿ ಬಣ್ಣ ಹಿಡಿಯುತ್ತದೆ. ನಮ್ಮ ಮಕ್ಕಳು ಸಾಲಾಗಿ ಬಂದು ಬಾಯಿ ತೆರೆದರು. ಬೆಳ್ಳಗೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಎಲ್ಲ ಬೆಳ್ಳಗೆ. ಸುಗಲಮ್ಮ ಹೊಸ ಹಲ್ಲು ತೋರಿಸಲು ತುಟಿಯನ್ನು ಕೈಯಿಂದ ಎಳೆದು ಹಿಡಿದಳು.

ಶೈಲಾ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೈಗವಸು ಬಿಚ್ಚಿ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತರು.

"ನಿನ್ನೆ ಆ ಕಡಿ ಸಾಲಿ ನೋಡಿದೆ ಮೇಡಂ," ಎಂದರು. "ಹೋಳಿ ಆಡಿ ಬಂದಂಗಿದ್ವು ಬಾಯಿ. ಪೂರಾ ಗುಲಾಬಿ."

ನಾನು ಹಿಗ್ಗಿ ಹೀರೇಕಾಯಿಯಾದೆ. ಹಳಿಯ ಆಚೆ ಗುಲಾಬಿ! ಚಿನ್ಮಯಿಯ ಶಾಲೆ ಗುಲಾಬಿ! ಇವತ್ತು ಮನೆಗೆ ಹೋಗಿ ಅತ್ತೆಯ ಮುಂದೆ ಈ ಮಾತನ್ನು ಹೇಗೆ ಎತ್ತಬೇಕು, ಹಪ್ಪಳ ಕರಿಯುವಾಗಲೋ ಬಡಿಸುವಾಗಲೋ, ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಶೈಲಾ ಮುಂದುವರಿಸಿದರು.

"ಉಳದ ಜೋಡಿ ಸಾಲ್ಯಾಗೂ ಫರಕ ಕಾಣಲಿಲ್ಲ. ಇಲ್ಲಂತೂ ಎಲ್ಲಾ ಕೊಟ್ಟ ಸಾಲ್ಯಾಗ ಹಲ್ಲು ಹೊಲಸು, ಏನೂ ಕೊಡದ ಸಾಲ್ಯಾಗ ಸ್ವಚ್ಛ. ಮ್ಯಾಲಿನವರು ಏನಂತಾರ? ಬ್ರಷ್ ಕೊಡೂದು ದಂಡ ಅಂತಾರ. ಇದೇ ವಾರ ಮೀಟಿಂಗ್ ಐತಿ. ನಿಮಗ ಬರೋ ವರ್ಷ ಕೊಡ್ತೀನಿ ಅಂದಿದ್ದೆ. ಅದೂ ಇಲ್ರಿ. ಯಾರಿಗೂ ಇಲ್ಲ."

ಹಿಗ್ಗು ಹಾಗೇ ಇಳಿಯಿತು. ಯಜಮಾನರ ಗೆಳೆಯರು ತಂದುಕೊಟ್ಟ ಬ್ರಷ್ಷುಗಳ ಕೂದಲು ಆಗಲೇ ಚಪ್ಪಟೆಯಾಗಿದ್ದವು. ಮತ್ತೆ ಮತ್ತೆ ಅವರನ್ನು ಕೇಳುವುದಾಗುವುದಿಲ್ಲ. ನನ್ನ ಮಕ್ಕಳ ಹಲ್ಲು ಬೆಳ್ಳಗಿದ್ದದ್ದರಿಂದಲೇ ನನ್ನ ಮಕ್ಕಳಿಗೆ ಬ್ರಷ್ಷು ತಪ್ಪುತ್ತಿತ್ತು. ಉಳಿದ ಎಷ್ಟೋ ಶಾಲೆಗಳಿಗೂ ತಪ್ಪುತ್ತಿತ್ತು.

ಆಗ ಶೈಲಾರ ಕಣ್ಣು ಕಿಟಕಿಯ ಮೇಲೆ ಬಿತ್ತು. ಎದ್ದು ಹೋಗಿ ಬಾಟಲಿಗಳನ್ನು ಮುಟ್ಟಿ ನೋಡಿದರು. "ಇವೇನ್ರಿ?"

ಸಿಕ್ಕಿಬಿದ್ದೆ ಎಂದುಕೊಂಡು ಧಿಮಾಕಿನಿಂದಲೇ ಹೇಳಿದೆ: "ನಿಮ್ಮದ ಅಲ್ರಿ? ಆ ಕಡಿ ಸಾಲ್ಯಾಗ ನೀವು ಕಲಿಸಿದ್ದು. ಬಾಟ್ಲಿ, ಸಾಲಿಗೊಂದು ಮಗ್ಗು, ಮಗ್ಗಿ ಹೇಳೂದು. ನಾವೂ ಮಾಡಿದ್ವಿ. ಏನೀಗ?"

"ನಾವು ಕಲಿಸಿದ್ದಾ?" ಶೈಲಾ ನನ್ನನ್ನೇ ನೋಡಿದರು. "ನಾವು ಕೊಟ್ಟಿದ್ದು ಗಾಜಿನ ಕಪಾಟು ಮೇಡಂ. ಬಾಯಿ ನಳದಾಗ ತೊಳಿಬೇಕು ಅಂತ ಕಲಿಸೀವಿ. ಮಗ್ಗು, ಮಗ್ಗಿ, ಬಾಟ್ಲಿ, ಇಂಥಾವು ನಮ್ಮ ಯೋಜನಾದಾಗ ಇಲ್ಲೇ ಇಲ್ಲ. ಆ ಸಾಲ್ಯಾಗೂ ನಾ ಒಂದಿನಾನೂ ನೋಡಿಲ್ಲ. ಯಾರು ಹೇಳಿದ್ರು ನಿಮಗ?"

ಊಟದ ಹೊತ್ತಿನ ಆ ಸಣ್ಣ ಸಣ್ಣ ತಡೆಗಳೆಲ್ಲ ಒಂದೊಂದಾಗಿ ನೆನಪಾದವು. ನಿಂತ ತುತ್ತು, ಸಾರಿನ ಸೌಟು. ನನಗೆ ತಿಳಿಯಿತು. "ನಾಳೆ ನಿಮ್ಮ ಆಫೀಸಿಗೆ ಬಂದು ಹೇಳ್ತೀನ್ರಿ," ಎಂದೆ.

ಸಂಜೆ ಚಿನ್ಮಯಿ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ನಾನು ಬಾಗಿಲು ಹಾಕಿ ಅವಳೆದುರು ನಿಂತೆ.

"ನಿಮ್ಮ ಸಾಲಿ ಕಿಟಕ್ಯಾಗ ಬಾಟ್ಲಿ ಅದಾವೇನು?"

ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಇಲ್ಲ."

"ಮಗ್ಗು?"

"ಇಲ್ಲ ಅಕ್ಕಾರ. ಯಾವುದೂ ಇಲ್ಲ." ತಲೆ ಎತ್ತದೆ ಹೇಳಿದಳು. ಗಾಜು ಒಡೆದೀತು, ಬ್ರಷ್ಷು ಹೊಲಸಾದೀತು, ನೋಡಲು ಬಂದವರಿಗೆ ಏನು ತೋರಿಸುವುದು ಎಂದು ಅವರ ಹೆಡ್ಮಾಸ್ತರು ಜನಾರ್ದನ ಸರ್ ಕಪಾಟನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರಂತೆ. ಶೈಲಾರ ಕಡೆಯವರು ಬರುತ್ತೇವೆಂದು ಫೋನು ಮಾಡಿದ ದಿನ ಮಾತ್ರ ಹೊರಗೆ ಬರುತ್ತಿತ್ತು. ಸಹಾಯಕಿ ಮಳೆಗಾಲಕ್ಕೆ ಮುಂಚೆಯೇ ಮಿಯಾಪುರದಲ್ಲಿ ಬೇರೆ ಕೆಲಸ ಹಿಡಿದು ಹೋದಳು. ನಳದಲ್ಲಿ ಮಧ್ಯಾಹ್ನ ನೀರಿರುತ್ತಿರಲಿಲ್ಲ. ಮಕ್ಕಳು ಹಲ್ಲುಜ್ಜಿದ್ದು ಮೊದಲ ಕೆಲವು ವಾರ ಅಷ್ಟೇ.

"ಮತ್ತ ವರ್ಷ ಪೂರ್ತಿ ಊಟಕ್ಕ ಕುಂತು ಏನ್ ಹೇಳ್ತಿದ್ದಿ?"

"ನೀವು ಕೇಳ್ತಿದ್ರಲ್ಲ!" ಈಗ ಅವಳಿಗೂ ಸಿಟ್ಟು ಬಂತು. "ಪೊಲೀಸರಂಗ ಕೇಳ್ತಿದ್ರಿ. ನೀರೆಲ್ಲಿ, ಜಿರಳಿ ಎಲ್ಲಿ, ಹೆಡ್ಮಾಸ್ತರು ಎಲ್ಲಿ. ನಿಮ್ಮ ಮುಂದ ಸೋಲೂದು ಬ್ಯಾಡಾಗಿತ್ತು ನನಗ. ಬಾಯಿಗೆ ಬಂದದ್ದು ಹೇಳಿದೆ."

"ನನ್ನ ಮುಂದ ಸೋಲೂದಾ? ನೀನಾ?"

"ಮತ್ತ? ಸಂತ್ಯಾಗ ನಿಮ್ಮ ಸಾಲಿ ಹುಡುಗ್ರು ಓಡಿ ಬಂದು ನಿಮ್ಮ ಸೆರಗ ಹಿಡಿತಾವ. ನನ್ನ ಸಾಲಿವು ನನ್ನ ನೋಡಿ ಇನ್ನೊಂದು ಓಣಿ ಹಿಡಿತಾವ. ಅತ್ತಿ ನೀವಿಲ್ಲದಾಗ ದಿನಾ ಹೇಳ್ತಾರ, ಪ್ರೇಮಾನ್ನ ನೋಡಿ ಕಲಿ, ಪ್ರೇಮಾನ್ನ ನೋಡಿ ಕಲಿ ಅಂತ. ಕಿವಿ ತೂತು ಬಿದ್ದಾವ."

ಅತ್ತೆಯ ಚಾಲಾಕಿತನಕ್ಕೆ ಏನು ಹೇಳಲಿ. ನನ್ನ ಮೇಲೂ ಒಬ್ಬಳು ಹೊಟ್ಟೆಕಿಚ್ಚು ಪಡುತ್ತಿದ್ದಳು, ಅದೂ ಚಿನ್ಮಯಿ! ಎದೆಯೊಳಗೆ ತಣ್ಣಗಾಯಿತು. ಹಬ್ಬದ ಸೀರೆ ಸಿಕ್ಕರೂ ನನಗೆ ಅಷ್ಟು ಖುಷಿಯಾಗುವುದಿಲ್ಲ. ಆದರೆ ಆ ಖುಷಿಯ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಮಗ್ಗು, ಬಾಟಲಿ, ಮಗ್ಗಿ ಎಲ್ಲ ಅವಳ ತಲೆಯಿಂದ ಬಂದದ್ದು, ಅದೂ ಸಾರು ಬಡಿಸಿಕೊಳ್ಳುತ್ತ ಪುಕ್ಕಟೆ ಹೇಳಿದ ಸುಳ್ಳು. ನಾನು ವರ್ಷವಿಡೀ ಬೆವರು ಸುರಿಸಿದ್ದು ಅದನ್ನು ನಿಜ ಮಾಡಲು. ಮತ್ತೆ ಉರಿ ಹತ್ತಿತು.

ಶೈಲಾ ಹೇಳಿದ್ದನ್ನು ಅವಳಿಗೆ ಹೇಳಿದೆ. ನಾವಿಬ್ಬರೂ ಬಾಯಿ ಮುಚ್ಚಿಕೊಂಡರೆ ಬ್ರಷ್ಷು ಎಲ್ಲರಿಗೂ ಬಂದ್. ನಾನು ಬಾಯಿ ಬಿಟ್ಟರೆ ಚಿನ್ಮಯಿಯನ್ನು ನೋಡಿ ನಕಲು ಮಾಡಿದವಳಾಗುತ್ತೇನೆ, ಅವಳು ಬಾಯಿ ಬಿಟ್ಟರೆ ಸುಳ್ಳಿಯಾಗುತ್ತಾಳೆ. ಅವಳು ಹಿಟ್ಟಿಗೆ ತಟ್ಟೆ ಮುಚ್ಚಿ ಕೈ ತೊಳೆದಳು. "ನಾಳೆ ಕೂಡೇ ಹೋಗೂಣು," ಎಂದಳು ಅವಳು. "ನೀವೊಬ್ರೇ ಹೋದ್ರ ನನ್ನ ಪಾಲಿಂದೂ ನೀವೇ ಹೇಳಿಬಿಡ್ತೀರಿ."

ಹಿಮಾಯತ್‌ನಗರದ ಆಫೀಸಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಎಲ್ಲ ಹೇಳಿದೆವು. ಶೈಲಾ ತಲೆಯ ಮೇಲೆ ಕೈ ಹೊತ್ತು ಕೇಳಿದರು. ಮುಗಿದ ಮೇಲೆ ನಗಲೋ ಅಳಲೋ ಎಂಬಂತೆ ಹೇಳಿದರು: "ಒಂದ್ ಸಾಲಿ ಮಾತು ಇನ್ನೊಂದ್ ಸಾಲಿಗೆ ಹೋಗಬಾರದಂತ ನಡಕ ರೈಲ್ವೆ ಲೈನ್ ಇದ್ದದ್ದ ನೋಡಿ ಆರಿಸಿದ್ದೆ. ಯಾರು ಯಾರ ಮನ್ಯಾಗ ಉಣ್ತಾರಂತ ಕೇಳಲೇ ಇಲ್ಲಲ್ರಿ ನಾನು."

ಅವರು ಮೀಟಿಂಗಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದರಂತೆ. ಮೇಲಿನವರು ಪೂರ್ತಿ ನಂಬಲಿಲ್ಲ. ಒಬ್ಬ ಹುರುಪಿನ ಟೀಚರು ಮಾಡಿದ್ದನ್ನು ಎಲ್ಲರೂ ಮಾಡುತ್ತಾರೆಯೇ ಎಂದು ಕೇಳಿದರು. ಕೊನೆಗೆ ಇನ್ನೊಂದಿಷ್ಟು ತಿಂಗಳು ಕೊಟ್ಟರು. ಸಹಾಯಕಿಯಿಲ್ಲದೆ, ಶೈಲಾರ ಕಡೆಯವರು ಬಂದು ಕಲಿಸದೆ, ಹಳಿಯ ಆಚೆಯ ಶಾಲೆ ತಾನಾಗಿಯೇ ಇದನ್ನು ನಡೆಸಿ ತೋರಿಸಬೇಕು. ತೋರಿಸಿದರೆ ಬ್ರಷ್ಷು ಎಲ್ಲ ಶಾಲೆಗೆ. ಇಲ್ಲದಿದ್ದರೆ ಮುಗಿಯಿತು.

ಹಾಗಾಗಿ ಎಲ್ಲ ಚಿನ್ಮಯಿಯ ಕೈಗೆ ಬಂತು. ಅದನ್ನೂ ನನಗೆ ಸಹಿಸಲಾಗಲಿಲ್ಲ. ಆದರೂ ನಾನೇ ಹೋಗಿ, "ಬಾ, ನಮ್ಮ ಸಾಲಿಗೆ ಬಂದು ಒಂದಿನ ನೋಡು, ಹ್ಯಾಂಗ ಮಾಡೂದಂತ ತೋರಸ್ತೀನಿ," ಎಂದೆ.

"ನಿಮ್ಮಿಂದ ಕಲಿಯೂದೇನೈತಿ? ನಂದೇ ವಿಚಾರ ಅದು," ಎಂದಳು.

"ಹಂಗಾರ ಮಾಡು."

"ಜನಾರ್ದನ ಸರ್ ಕಪಾಟಿನ ಕೀಲಿ ಕೊಡಂಗಿಲ್ಲ."

ವಾರಗಳು ಕಳೆದವು. ನಾನು ಬೈದೆ, ಅವಳು ಮುಖ ಸಿಂಡರಿಸಿದಳು. ಅತ್ತೆಯ ಮೂಲಕ ಹೇಳಿಸಿದೆ, ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕಪಾಟಿನ ಬೀಗ ಹಾಗೇ ಇತ್ತು. ನಮ್ಮ ಶಾಲೆಯ ಬ್ರಷ್ಷುಗಳು ಪೊರಕೆಯಂತಾಗಿದ್ದವು. ಸುಗಲಮ್ಮ ತನ್ನದನ್ನು ತೋರಿಸಿ, "ಟೀಚರ್, ಇದು ಚುಚ್ಚಾಕತ್ತೈತಿ," ಎಂದಳು.

ಈ ಮನೆಯಲ್ಲಿ ಒಬ್ಬಳ ಒಳ್ಳೆಯ ಕೆಲಸ ಇನ್ನೊಬ್ಬಳಿಗೆ ದಾಟಿದ್ದು ಒಂದೇ ಸಲ, ಅದು ದಾಟಿದ್ದು ಊಟದ ಹೊತ್ತಿನ ಜಂಬದ ಮಾತಿನ ದಾರಿಯಲ್ಲಿ. ಆ ದಿನ ಊಟಕ್ಕೆ ಕೂತಾಗ ನಾನು ಅತ್ತೆಯ ಕಡೆ ತಿರುಗಿ ಹೇಳಿದೆ:

"ನಮ್ಮ ಗೋಪಿನಾಥ ಸರ್ ಈಗ ತಾವೇ ಬಂದು ಸಾಲಿನ್ಯಾಗ ನಿಂತು ಹುಡುಗ್ರ ಬೊಗಸಿಗೆ ನೀರು ಹಾಕ್ತಾರ ನೋಡ್ರಿ ಅತ್ತಿ. ಮಕ್ಕಳಿಗೆ ಎಷ್ಟು ಖುಷಿ ಅಂತೀರಿ!"

ಹಸಿ ಸುಳ್ಳು. ಗೋಪಿನಾಥ ಸರ್ ಪೇಪರಿನಿಂದ ತಲೆ ಎತ್ತಿದ್ದನ್ನು ನಾನು ಕಂಡಿಲ್ಲ.

"ನಿಜಾನಾ?" ಎಂದರು ಅತ್ತೆ. "ಚಿನ್ಮಯಿ, ಕೇಳಿದೇನು?"

ಚಿನ್ಮಯಿಯ ರೊಟ್ಟಿ ತಟ್ಟೆಯಲ್ಲೇ ನಿಂತಿತು. "ಹೆಡ್ಮಾಸ್ತರಾ? ಅವರು ಹ್ಯಾಂಗ ಒಪ್ಪಿದ್ರು?"

ಈಗ ನನ್ನ ಪಾಳಿ. ಪಲ್ಯ ಹಾಕಿಕೊಳ್ಳುತ್ತ ಯೋಚಿಸಿದೆ. "ನಾವು ಕೇಳಲೇ ಇಲ್ಲ. ಎಲ್ಲಾಕ್ಕಿಂತ ಸಣ್ಣ ಹುಡುಗಿ ಕೈಯಾಗ ತುಂಬಿದ ಮಗ್ಗು ಕೊಟ್ಟು ಅವರ ಬಾಗಲಕ ಕಳಿಸಿದ್ವಿ. ಸರ್, ಮೊದಲ ನೀವ ಹಾಕ್ರಿ ಅಂತ ಹೇಳಿಸಿದ್ವಿ. ಸಣ್ಣ ಕೂಸು ಕರದ್ರ ಇಲ್ಲನ್ನೂದು ಹ್ಯಾಂಗ? ಒಂದಿನ ಹಾಕಿದ್ರು. ಆಮ್ಯಾಲ ರುಚಿ ಹತ್ತೇತಿ."

ಅವಳು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗೇ ನೋಡಿದಳು. ಅವಳೂ ಇದೇ ವಿದ್ಯೆ ಬಲ್ಲವಳು, ಅವಳಿಗೆ ಗೊತ್ತಾಯಿತೋ ಇಲ್ಲವೋ ನಾನರಿಯೆ. ಊಟ ಮುಗಿಸಿ ಕೈ ತೊಳೆಯಲು ಎದ್ದಳು. ನಾಳೆ ಇವಳು ಇದನ್ನು ಮಾಡುತ್ತಾಳೆ, ನನಗಿಂತ ಚೆನ್ನಾಗಿ ಮಾಡುತ್ತಾಳೆ ಎಂದು ನನಗೆ ಆಗಲೇ ಗೊತ್ತಾಯಿತು. ನಾನೇ ಕೈಯಾರೆ ಬಡಿಸಿದ್ದೆ. ಪಲ್ಯ ರುಚಿಸಲಿಲ್ಲ.

ಅವಳು ಮಾಡಿದಳು. ಊಟದಲ್ಲಿ ಅವಳಾಗಿ ಒಂದು ಮಾತೂ ಎತ್ತಲಿಲ್ಲ, ನಾನಾಗಿ ಕೇಳಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಶೈಲಾರ ಫೋನು ಬಂತು. ಧ್ವನಿಯಲ್ಲೇ ನಗು.

"ಮೇಡಂ, ಹೇಳದ ಕೇಳದ ಆ ಕಡಿ ಸಾಲಿಗೆ ಹೋಗಿದ್ದೆ. ಹಲ್ಲು ಬೆಳ್ಳಗ ಅದಾವ್ರಿ! ಕಪಾಟು ಬಯಲಾಗ ಐತಿ, ಬಾಗಲಾ ಕಿತ್ತು ಹಾಕ್ಯಾರ. ಕಿಟಕಿ ತುಂಬ ಬಾಟ್ಲಿ. ಇನ್ನ ಎಲ್ಲಾ ಸಾಲಿಗೂ ಬ್ರಷ್ ಬರ್ತಾವ, ನಿಮಗೂ ಬರ್ತಾವ, ಮ್ಯಾಲಿನವರು ಹೂಂ ಅಂದಾರ. ಮತ್ತ ಗೊತ್ತೇನ್ರಿ, ಜನಾರ್ದನ ಸರ್ ಪ್ಯಾಂಟು ಮಡಚಿಕೊಂಡು ತಾವೇ ಮಕ್ಕಳಿಗೆ ನೀರು ಹಾಕಾಕತ್ತಿದ್ರು! ನಾನು ಚಿನ್ಮಯಿ ಮೇಡಂ ಅವರನ್ನ ಭಾಳ ಹೊಗಳಿದೆ. ಅವರು ಏನಂದ್ರು ಗೊತ್ತೈತಿ? ಇದು ನಂದಲ್ಲ, ನಮ್ಮ ಅಕ್ಕಾರ ಸಾಲ್ಯಾಗ ಮೊದಲ ಶುರುವಾಗಿದ್ದು, ಅವರಿಂದನ ಕಲತೆ ಅಂದ್ರು. ನಾಳೆ ಮಧ್ಯಾಹ್ನ ನಿಮ್ಮ ಸಾಲಿಗೆ ಬರ್ತೀನಿ, ಗೋಪಿನಾಥ ಸರ್ ನೀರು ಹಾಕೂದು ನೋಡಬೇಕು."

ಬ್ರಷ್ಷು ಬರುತ್ತದೆ ಎಂದು ಕೇಳಿ ಕಣ್ಣಲ್ಲಿ ನೀರೇ ಬಂತು, ನಿಜ. ಆದರೆ ಫೋನು ಇಟ್ಟ ಮೇಲೆ ಮನಸ್ಸಿನಲ್ಲಿ ಉಳಿದದ್ದು ಬೇರೆ. ನನ್ನ ಸುಳ್ಳನ್ನು ಅವಳು ನಿಜ ಮಾಡಿದಳು. ಮೇಲಿಂದ ಅದರ ಕೀರ್ತಿಯನ್ನು ನನಗೇ ಕೊಟ್ಟಳು. ಅವಳ ಬಾಟಲಿಯ ಕೀರ್ತಿಯನ್ನು ನಾನು ಅವಳಿಗೆ ಬಾಯಿತುಂಬ ಕೊಟ್ಟಿರಲಿಲ್ಲ. ದೊಡ್ಡ ಮನಸ್ಸಿನಲ್ಲೂ ನನಗಿಂತ ಮುಂದೆ ಹೋದಳಲ್ಲ ಎಂದು ಹೊಟ್ಟೆ ಹೊಗೆಯಾಡಿತು. ಅಥವಾ ನನ್ನನ್ನು ಸಿಕ್ಕಿಸಲೆಂದೇ ಹೇಳಿದಳೋ? ಅವಳಾದರೆ ಎರಡನ್ನೂ ಒಟ್ಟಿಗೆ ಮಾಡಬಲ್ಲಳು.

ಮರುದಿನ ಊಟದ ಹೊತ್ತಿಗೆ ಸುಗಲಮ್ಮನ ಕೈಗೆ ತುಂಬಿದ ಮಗ್ಗು ಕೊಟ್ಟು ಗೋಪಿನಾಥ ಸರ್ ಕೋಣೆಯ ಬಾಗಿಲು ತಳ್ಳಿದೆ. ಹುಡುಗಿ ನೀರು ಚೆಲ್ಲದಂತೆ ನಾಲಿಗೆ ಕಚ್ಚಿ ಹಿಡಿದು ಒಳಗೆ ಹೋಗಿ, ಕಲಿಸಿಕೊಟ್ಟ ಹಾಗೆ ತೆಲುಗಿನಲ್ಲಿ ಮೊದಲು ನೀವೇ ಹಾಕಬೇಕು ಎಂದಳು: "ಸಾರ್, ಮೊದಟ ಮೀರೇ ಪೊಯ್ಯಾಲಿ."

ಅವರು ಪೇಪರಿನ ಮೇಲಿನಿಂದ ಅವಳನ್ನು ನೋಡಿದರು, ಮಗ್ಗನ್ನು ನೋಡಿದರು, ನನ್ನನ್ನು ನೋಡಿದರು. ಇದೇನು ಹೊಸ ನಾಟಕ, ತಮಗೆ ಬೇರೆ ಕೆಲಸವಿಲ್ಲವೇ ಎಂದು ತೆಲುಗಿನಲ್ಲಿ ಗೊಣಗಿ ಮತ್ತೆ ಪೇಪರಿಗೆ ಇಳಿದರು. ಸುಗಲಮ್ಮ ಕದಲಲಿಲ್ಲ. ಹೊರಗೆ ಮಕ್ಕಳು ಎರಡರ ಮಗ್ಗಿ ಶುರು ಮಾಡಿದ್ದರು. ಗೇಟಿನ ಹತ್ತಿರ ಶೈಲಾರ ಆಟೋ ನಿಂತ ಸದ್ದಾಯಿತು.

"ಹಳಿಯ ಆಚೆ ಶಾಲೆಯಲ್ಲಿ ಜನಾರ್ದನ ಸರ್ ದಿನಾ ಹಾಕುತ್ತಾರೆ ಸರ್," ಎಂದೆ ಅವರ ತೆಲುಗಿನಲ್ಲೇ. "ಊರೆಲ್ಲ ಅವರದೇ ಮಾತು."

ಪೇಪರು ಕೆಳಗಿಳಿಯಿತು.

"ಜನಾರ್ದನಾ?" ಎಂದರು ಗೋಪಿನಾಥ ಸರ್. "ಆ ಜನಾರ್ದನಾ?"

"ಅವರೇ ಸರ್. ಪ್ಯಾಂಟು ಮಡಚಿಕೊಂಡು."

ಅವರು ಪೇಪರು ಮಡಚಿಟ್ಟರು, ಎದ್ದರು, ಮತ್ತು ಬಗ್ಗಿ ತಮ್ಮ ಪ್ಯಾಂಟನ್ನು ಮಡಚತೊಡಗಿದರು.